ರಜೆಯ ದಿನದ ಹೊಟ್ಟೆನೋವು

ಹೋದ ತಿಂಗಳು ಒಬ್ಬ ಹುಡುಗಿ ಮಂಡ್ಯದ ನಮ್ಮ ಮನೆ ಹುಡುಕಿಕೊಂಡು ಬಂದಳು. ಆಪ್ತಸಮಾಲೋಚಕಿಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ, ಮಳವಳ್ಳಿಗೆ ಹಾಕಿದ್ದಾರೆ. ನನ್ನ ಹೆಸರು ಯಾರೋ ಹೇಳಿದರಂತೆ. ಕಾಫಿ ಲೋಟ ಕೈಗೆ ಕೊಡುವ ಮೊದಲೇ ನೋಟ್‌ಬುಕ್ಕು ಬಿಡಿಸಿ ಕೇಳಿದಳು: "ಮೇಡಂ, ಈ ಮಗುವಿಗೆ ಸಮಾಲೋಚನೆ ಬೇಕು, ಈ ಗಂಡ ಹೆಂಡತಿಗೆ ಬೇಕು ಅನ್ನೋದು ನಿಮಗೆ ನೋಡಿದ ತಕ್ಷಣ ಗೊತ್ತಾಗ್ತಿತ್ತಾ?"

"ಗೊತ್ತಾಗ್ತಿತ್ತು" ಅಂದೆ, ಗತ್ತಿನಿಂದಲೇ. ಅವಳು ಅದನ್ನು ಬರೆದುಕೊಂಡು, ಅಡಿಗೆ ಗೆರೆ ಬೇರೆ ಎಳೆದಳು.

ಅವಳು ಹೋದ ಮೇಲೆ ಲೋಟ ತೊಳೆಯುತ್ತಾ ನನಗೆ ನಾಚಿಕೆಯಾಯಿತು. ನಾನು ಹೇಳಿದ್ದು ಸುಳ್ಳಲ್ಲ. ಕೊನೆಕೊನೆಗೆ ಬಾಗಿಲಲ್ಲಿ ಕಾಲಿಡುವ ರೀತಿ ನೋಡಿಯೇ ಹತ್ತರಲ್ಲಿ ಎಂಟು ಸಲ ಹೇಳುತ್ತಿದ್ದೆ, ಈಗಲೂ ಹೇಳಬಲ್ಲೆ. ಆದರೆ ಆ ಕಣ್ಣು ನನಗೆ ತರಬೇತಿಯಲ್ಲಿ ಬಂದದ್ದಲ್ಲ. ಹದಿನೈದು ವರ್ಷದ ಒಂದು ಹೆಣ್ಣುಮಗುವಿಗೆ ನಾನು ಮಾಡಿದ ತಪ್ಪಿನಿಂದ ಬಂದದ್ದು. ಅದನ್ನು ಮುಚ್ಚಿಟ್ಟು ಬರೀ 'ಗೊತ್ತಾಗ್ತಿತ್ತು' ಅಂದರೆ ಆ ಹುಡುಗಿ ಮಳವಳ್ಳಿಯಲ್ಲಿ ಅದೇ ತಪ್ಪನ್ನು ಮೊದಲಿನಿಂದ ಮಾಡುತ್ತಾಳೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಸರಾಳಿನವಳು. ಆರೋಗ್ಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿ, ಲಸಿಕೆಯ ಡಬ್ಬ ಹೆಗಲಿಗೆ ಹಾಕಿಕೊಂಡು ವರ್ಷಗಟ್ಟಲೆ ಹಳ್ಳಿ ಸುತ್ತಿದವಳು. ಆಮೇಲೆ ಇಲಾಖೆಯವರು ಸಮಾಲೋಚನೆಯ ತರಬೇತಿಗೆ ಕಳಿಸಿ, ಮಳವಳ್ಳಿಯ ಆಸ್ಪತ್ರೆಯಲ್ಲಿ ಒಂದು ಕೊಠಡಿ ಕೊಟ್ಟರು. ಮುರಿದ ಮಂಚಗಳನ್ನು ಒಟ್ಟಿದ್ದ ಕೊಠಡಿ ಅದು. ಮಂಚ ಹೊರಹಾಕಿ, ಸುಣ್ಣ ಬಳಿಸಿ, ಒಂದು ಮೇಜು, ಮೂರು ಕುರ್ಚಿ ಇಟ್ಟು ಬಾಗಿಲ ಮೇಲೆ ಹಲಗೆ ತೂಗುಹಾಕಿದೆವು. ಮೊದಲ ದಿನ ಒಳಗೆ ಬಂದವರು ಕೆಮ್ಮಿನ ಔಷಧಿ ಕೇಳಿಕೊಂಡು ಬಂದ ಒಬ್ಬ ಅಜ್ಜ.

"ಮಾತ್ರೆ ಇಲ್ಲ, ಸೂಜಿ ಇಲ್ಲ. ಮತ್ತಿನ್ನೇನ್ ಕೊಡ್ತೀಯವ್ವ ಇಲ್ಲಿ?"

"ಕಷ್ಟ ಸುಖ ಮಾತಾಡ್ತೀವಿ ತಾತ."

"ಮಾತು ನಮ್ಮಟ್ಟೀಲೇ ಬೇಕಾದಷ್ಟು ಅದೆ ಕಣವ್ವ" ಎಂದು ಎದ್ದು ಹೋದರು. ಅವತ್ತಿನಿಂದ ನನಗೆ 'ಮಾತಿನ ನರ್ಸಮ್ಮ' ಎಂದು ಹೆಸರು ಬಿತ್ತು. ನಿವೃತ್ತಿಯಾಗುವ ತನಕ ಬಿಡಲಿಲ್ಲ.

ನಮ್ಮ ಹಿರಿಯ ವೈದ್ಯರು ಒಬ್ಬರಿದ್ದರು. ಹೆಸರು ಬೇಡ, ಡಾಕ್ಟರು ಅಂದರೆ ಸಾಕು. ಒಳ್ಳೆಯ ಕೈಗುಣ, ಕಹಿ ನಾಲಿಗೆ. ಸಂಜೆ ಬ್ಯಾಗು ಹಿಡಿದು ಹೊರಡುವಾಗ ನನ್ನ ಬಾಗಿಲಲ್ಲಿ ನಿಂತು "ಇವತ್ತು ಎಷ್ಟು ಜನಕ್ಕೆ ಬುದ್ಧಿ ಹೇಳಿದ್ರಿ ನಾಗರತ್ನಮ್ಮ?" ಎಂದು ಕೇಳುವರು. ಬುದ್ಧಿ ಹೇಳುವುದು ನನ್ನ ಕೆಲಸವಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳುವುದು ಅದನ್ನೇ. ಸಿಟ್ಟು ಬರುತ್ತಿತ್ತು. ಆದರೆ ಸತ್ಯ ಹೇಳಬೇಕೆಂದರೆ ಮೊದಲ ವರ್ಷ ನಾನು ಮಾಡುತ್ತಿದ್ದದ್ದು ಬುದ್ಧಿ ಹೇಳುವುದನ್ನೇ.

ಒಂಬತ್ತನೇ ತರಗತಿಯ ಒಬ್ಬ ಹುಡುಗನನ್ನು ಅವನ ಅಪ್ಪ ಎಳೆದುಕೊಂಡು ಬಂದಿದ್ದ. "ಕರೆದ್ರೆ ತಿರುಗಿ ನೋಡಾಕಿಲ್ಲ, ಯೋಳಿದ್ದು ಮಾಡಾಕಿಲ್ಲ. ಮೊಂಡು ಬಿದ್ದವ್ನೆ. ವಸಿ ಬುದ್ಧಿ ಯೋಳಿ ಮೇಡಮ್ಮು" ಅಂದ. ಮೂರು ಶನಿವಾರ ನಾನು ಆ ಹುಡುಗನಿಗೆ ಹದಿಹರೆಯದ ಬಗ್ಗೆ ಭಾಷಣ ಬಿಗಿದೆ. ಅವನು ನನ್ನ ಬಾಯಿಯನ್ನೇ ನೋಡುತ್ತಾ ತಲೆಯಾಡಿಸುತ್ತಿದ್ದ. ಎಷ್ಟು ಶ್ರದ್ಧೆ ಅಂದುಕೊಂಡಿದ್ದೆ. ನಾಲ್ಕನೇ ಶನಿವಾರ ಡಾಕ್ಟರು ಒಳಗೆ ಬಂದು ಅವನ ಬೆನ್ನ ಹಿಂದೆ ನಿಂತು ಬೀಗದ ಕೈ ಗೊಂಚಲನ್ನು ಧೊಪ್ಪನೆ ನೆಲಕ್ಕೆ ಹಾಕಿದರು. ಹುಡುಗ ತಿರುಗಲಿಲ್ಲ. "ಮೊದಲು ಕಿವಿ ನೋಡಿ ನಾಗರತ್ನಮ್ಮ, ಆಮೇಲೆ ಮನಸ್ಸು ನೋಡಿ" ಎಂದು ಗೊಂಚಲು ಎತ್ತಿಕೊಂಡು ಹೋದರು. ಎರಡೂ ಕಿವಿಯಲ್ಲಿ ಕೀವು ತುಂಬಿತ್ತು. ವಾಸಿಯಾದ ಮೇಲೆ ಅವನ ಮೊಂಡುತನವೂ ಹೋಯಿತು. ಹೊಸಬರಿಗೆ ನಾನು ಹೇಳುವ ಮೊದಲ ಮಾತು ಇದು. ಎಲ್ಲ ಮಕ್ಕಳಿಗೂ ಸಮಾಲೋಚನೆ ಬೇಕಾಗಿಲ್ಲ. ಕೆಲವರಿಗೆ ಕಿವಿಗೆ ಔಷಧಿ ಬೇಕು, ಕೆಲವರಿಗೆ ಕನ್ನಡಕ ಬೇಕು, ಕೆಲವರಿಗೆ ಸುಮ್ಮನೆ ಎರಡು ವರ್ಷ ಟೈಮು ಬೇಕು.

ಹಾಗಾದರೆ ಯಾರಿಗೆ ಬೇಕು? ಹದಿಹರೆಯದವರು ಸಿಡುಕುವುದು, ಬಾಗಿಲು ಹಾಕಿಕೊಳ್ಳುವುದು, ಕನ್ನಡಿ ಮುಂದೆ ನಿಲ್ಲುವುದು ಇವೆಲ್ಲ ಇದ್ದದ್ದೇ. ನಾನು ನೋಡುತ್ತಿದ್ದದ್ದು ಬದಲಾವಣೆಯನ್ನು. ವಟವಟ ಅನ್ನುತ್ತಿದ್ದ ಮಗು ಮಾತು ನಿಲ್ಲಿಸಿತೇ? ಕಬಡ್ಡಿ ಅಂದರೆ ಪ್ರಾಣ ಬಿಡುತ್ತಿದ್ದವನು ಮೈದಾನದ ಕಡೆ ತಲೆ ಹಾಕುತ್ತಿಲ್ಲವೇ? ನಿದ್ದೆ, ಊಟ, ಗೆಳೆಯರು, ಈ ಮೂರರಲ್ಲಿ ಯಾವುದು ತಪ್ಪಿದೆ, ಎಷ್ಟು ವಾರದಿಂದ ತಪ್ಪಿದೆ? ಒಂದೆರಡು ವಾರವಾದರೆ ಕಾಯಿರಿ, ಅದನ್ನು ಮೀರಿದರೆ ಕಾಯಬೇಡಿ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ.

ಗಂಡ ಹೆಂಡತಿಯ ವಿಷಯದಲ್ಲಿ ನನ್ನ ಲೆಕ್ಕ ಜನರ ಲೆಕ್ಕಕ್ಕೆ ಉಲ್ಟಾ. ಕೂಗಾಡುವವರನ್ನು ಕಂಡು ನಾನು ಹೆದರಿದವಳಲ್ಲ. ಮಳವಳ್ಳಿಯಲ್ಲಿ ಒಂದು ಜೋಡಿ ಬಸ್ಸಿಳಿದಾಗಿನಿಂದ ಜಗಳವಾಡುತ್ತಾ ಬಂದು, ನನ್ನ ಮುಂದೆಯೂ ಆಡಿ, ವಾಪಸ್ಸು ಬಸ್ಸು ಹತ್ತುವಾಗಲೂ ಆಡುತ್ತಿದ್ದರು. ಆದರೆ ಬಸ್ಸಿನಲ್ಲಿ ಪಕ್ಕಪಕ್ಕದಲ್ಲೇ ಕೂರುತ್ತಿದ್ದರು. ಎರಡು ಸಲ ಕರೆಸಿ ಸಾಕು ಅಂದೆ. ಜಗಳವಾಡಬೇಕಾದರೂ ಒಬ್ಬರ ಮುಖ ಒಬ್ಬರು ನೋಡಬೇಕಲ್ಲ. ಒಂದು ವಿಷಯ ಮಾತ್ರ ಬೇರೆ: ಕೈ ಎತ್ತುವ ಮನೆಯಿದ್ದರೆ ಇಬ್ಬರನ್ನೂ ಒಟ್ಟಿಗೆ ಕೂರಿಸಲೇಬಾರದು. ಹೆದರಿದವಳು ಹೊಡೆಯುವವನ ಎದುರಿಗೆ ನಿಜ ಹೇಳುವುದಿಲ್ಲ. ಅವಳಿಗೆ ಮೊದಲು ಬೇಕಾದದ್ದು ರಕ್ಷಣೆ.

ಇಷ್ಟೆಲ್ಲ ಗೊತ್ತಿದ್ದೂ ಚೈತ್ರಳ ವಿಷಯದಲ್ಲಿ ಎಡವಿದೆ. ಹೆಸರು ಬದಲಿಸಿದ್ದೇನೆ, ಉಳಿದದ್ದನ್ನು ಬದಲಿಸಿಲ್ಲ.

ಆಗ ನಾನು ಮದ್ದೂರಿನಲ್ಲಿದ್ದೆ. ಡಾಕ್ಟರೂ ನನ್ನ ಹಿಂದೆಯೇ ವರ್ಗವಾಗಿ ಬಂದಿದ್ದರು. ಹನಕೆರೆ ಕಡೆಯ ಒಂದು ಹಳ್ಳಿಯಿಂದ ಅಪ್ಪ, ಅವ್ವ, ಮಗಳು ಮೂವರೂ ಬಂದರು. ಅಪ್ಪ ಶಿವಣ್ಣ ಆಲೆಮನೆ ನಡೆಸುತ್ತಿದ್ದ, ಅಂಗಿಯಿಂದ ಬೆಲ್ಲದ ವಾಸನೆ ಬರುತ್ತಿತ್ತು. ಅವ್ವ ಸವಿತಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಚೈತ್ರ ಹತ್ತನೇ ತರಗತಿ. ಆಗಾಗ ವಿಪರೀತ ಹೊಟ್ಟೆನೋವು, ಮುದುರಿಕೊಂಡು ಮಲಗಿಬಿಡುತ್ತಾಳೆ. ಸ್ಕ್ಯಾನು, ರಕ್ತ, ಮೂತ್ರ ಎಲ್ಲ ಸರಿಯಾಗಿದೆ. ಕಿವಿಯನ್ನೂ ನೋಡಿಯಾಗಿದೆ ಎಂದು ಡಾಕ್ಟರು ನನ್ನನ್ನು ಕೆಣಕಲೆಂದೇ ಚೀಟಿಯಲ್ಲಿ ಬರೆದಿದ್ದರು.

ಹುಡುಗಿ ತಾನಾಗಿಯೇ ನಡುವಿನ ಕುರ್ಚಿಯಲ್ಲಿ ಕೂತಳು. ಸ್ಕ್ಯಾನು ಮಾಡಿಸಿದ್ದು ಯಾವಾಗ ಎಂದು ನಾನು ಸವಿತಾಳನ್ನು ಕೇಳಿದೆ. ಅವಳು ಮಗಳ ಕಡೆ ತಿರುಗಿ, "ಯಾವಾಗ ಮಾಡ್ಸಿದ್ದು ಅಂತ ನಿಮ್ಮಪ್ಪನ್ನ ಕೇಳಮ್ಮಿ" ಅಂದಳು.

"ಅಪ್ಪ, ಯಾವಾಗ ಮಾಡ್ಸಿದ್ದು?"

"ದೀಪಾವಳಿ ಆದ್ಮೇಲೆ ಅಂತ ಯೋಳು."

"ದೀಪಾವಳಿ ಆದ್ಮೇಲಂತೆ ಅವ್ವ" ಅಂದಳು ಚೈತ್ರ. ಗಂಡ ಹೆಂಡತಿಯ ಕುರ್ಚಿಗಳ ನಡುವೆ ಇದ್ದದ್ದು ಒಂದು ಮೊಳ.

ಇದನ್ನು ನಾನು ಎರಡೂ ಕಣ್ಣಿನಿಂದ ನೋಡಿದೆ, ಒಂದಕ್ಷರ ಬರೆದುಕೊಳ್ಳಲಿಲ್ಲ. ಯಾಕೆ ಗೊತ್ತೇ? ನಾನು ಹುಟ್ಟಿ ಬೆಳೆದದ್ದೇ ಹಾಗೆ. ಬಸರಾಳಿನ ನಮ್ಮ ಮನೆಯಲ್ಲಿ ನಮ್ಮವ್ವ ನಮ್ಮಪ್ಪನ ಹೆಸರು ಹಿಡಿದು ಕರೆದದ್ದಿಲ್ಲ, ನೇರ ಮಾತಾಡಿಸಿದ್ದನ್ನೂ ಬೇರೆಯವರು ಕಂಡವರಿಲ್ಲ. "ಮುದ್ದೆ ಇಕ್ಕಿವ್ನಿ ಅಂತ ನಿಮ್ಮಪ್ಪಂಗೆ ಯೋಳೋಗಮ್ಮಿ" ಅಂದರೆ ನಾನು ಜಗಲಿಗೆ ಓಡುತ್ತಿದ್ದೆ. ಕೈ ತೊಳೆದು ಬತ್ತೀನಿ ಅನ್ನು ಎಂದು ಅಪ್ಪ ಅಂದರೆ ಒಳಗೆ ಓಡುತ್ತಿದ್ದೆ. ಅದು ಮರ್ಯಾದೆ, ನಾಚಿಕೆ, ಹಳೇ ಕಾಲದ ಚೆಂದ. ಬೇರೆ ಊರಿನ ಯಾರಾದರೂ ನನ್ನ ಕುರ್ಚಿಯಲ್ಲಿ ಕೂತಿದ್ದರೆ ಇದೇನು ವಿಚಿತ್ರ ಎಂದು ಕೇಳಿರುತ್ತಿದ್ದರು. ನಾನು ಈ ನೆಲದವಳಾಗಿದ್ದಕ್ಕೇ ನನಗೆ ಕಾಣಲಿಲ್ಲ.

ಹೊಟ್ಟೆನೋವಿನ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೆ. ನೂರಕ್ಕೆ ತೊಂಬತ್ತು ಮಕ್ಕಳಿಗೆ ಸೋಮವಾರ ಬೆಳಿಗ್ಗೆ ಬರುವ ನೋವು ಅದು. ಗಣಿತದ ಮೇಷ್ಟ್ರು, ಹೋಮ್‌ವರ್ಕು, ಗೇಲಿ ಮಾಡುವ ಗೆಳತಿಯರು ಇದಕ್ಕೆ ಕಾರಣ. ಅದೇ ದಾರಿ ಹಿಡಿದೆ. ಶಾಲೆ ಹೇಗಿದೆ ಎಂದು ಕೇಳಿದರೆ ಹುಡುಗಿಯ ಮುಖ ಅರಳಿತು. ಶಾಲೆ ಅಂದರೆ ಇಷ್ಟ, ಸ್ಪೆಷಲ್ ಕ್ಲಾಸು ಇನ್ನೂ ಇಷ್ಟ, ಭಾನುವಾರವೂ ಕ್ಲಾಸಿದ್ದರೆ ಚೆನ್ನಾಗಿತ್ತು ಅಂದಳು. ನೋವು ಯಾವ ದಿನ ಬರುತ್ತದೆ ಎಂದು ಕೇಳಿದ್ದರೆ ಅಲ್ಲೇ ಎಲ್ಲ ಬಿಚ್ಚಿಕೊಳ್ಳುತ್ತಿತ್ತು. ನಾನು ಕೇಳಲಿಲ್ಲ. ಓದಿನ ಹುಚ್ಚಿನ ಹುಡುಗಿ, ಪಬ್ಲಿಕ್ ಪರೀಕ್ಷೆಯ ಒತ್ತಡ ತಲೆಗೆ ಹತ್ತಿದೆ ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟುಕೊಂಡೆ. ಎರಡು ಸಲ ಕರೆಸಿ ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಮೂರನೇ ಸಲ ಅಪ್ಪ ಅವ್ವನಿಗೆ ಹೇಳಿದೆ: "ಒಂದು ವಾರ ಶಾಲೆಗೆ ಕಳಿಸಬೇಡಿ. ಪುಸ್ತಕ ಮುಟ್ಟೋದು ಬೇಡ. ಮನೇಲಿ ಆರಾಮಾಗಿರಲಿ."

ಚೈತ್ರ ನನ್ನನ್ನು ಒಂದು ಸಲ ನೋಡಿದಳು. "ಪರ್ವಾಗಿಲ್ಲ ಮೇಡಂ, ನಾನು ಶಾಲೆಗೇ ಓಯ್ತೀನಿ" ಅಂದಳು ಮೆಲ್ಲಗೆ.

"ನಾನು ಹೇಳಿದ ಹಾಗೆ ಕೇಳಮ್ಮ" ಅಂದೆ. ಆ ದನಿ ಈಗಲೂ ನನ್ನ ಕಿವಿಯಲ್ಲಿದೆ.

ಐದನೇ ದಿನ ಸಂಜೆ ನಾಲ್ಕಕ್ಕೆ ಸವಿತಾಳ ಫೋನು ಬಂತು. ಬೆಳಿಗ್ಗೆಯಿಂದ ಮಗಳು ಕಾಣುತ್ತಿಲ್ಲ. ಶಾಲೆಯಲ್ಲಿ ವಿಚಾರಿಸಿದರೆ ಬಂದಿಲ್ಲ. ನಾನು ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದು ಫೋನು. ಹನಕೆರೆ ರೈಲ್ವೆ ಸ್ಟೇಷನ್ನಿನಲ್ಲಿ ಅವರ ಊರಿನವರೊಬ್ಬರಿಗೆ ಸಿಕ್ಕಿದಳಂತೆ. ಸಮವಸ್ತ್ರ ಹಾಕಿಕೊಂಡು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆಯಿಂದ ಕಲ್ಲುಬೆಂಚಿನ ಮೇಲೆ ಕೂತಿದ್ದಳಂತೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಮಾರನೇ ದಿನ ಮೂವರೂ ಬಂದರು. ಕೂರುವ ಮೊದಲೇ ಸವಿತಾ ಶುರು ಮಾಡಿದಳು. ಚೈತ್ರ ಕಾಣೆಯಾದ ಹಿಂದಿನ ದಿನ ಸವಿತಾಳ ಅಣ್ಣನ ಮನೆ ಗೃಹಪ್ರವೇಶವಿತ್ತು. ಚೈತ್ರ ಬಂದು, ಅಪ್ಪನೂ ಬತ್ತದಂತೆ, ನೀನು ಮುಂದಾಗಿ ಹೋಗಿರಬೇಕಂತೆ ಅಂದಳು. ಸವಿತಾ ಹೋಗಿ, ನಮ್ಮನೆಯವರು ಬತ್ತಾವ್ರೆ ಎಂದು ನೆಂಟರಿಗೆಲ್ಲ ಹೇಳಿಕೊಂಡು, ಪಕ್ಕದ ಎಲೆ ಹಿಡಿದಿಟ್ಟು ಕಾದಳು. ಎಲೆ ಎತ್ತುವ ತನಕ ಶಿವಣ್ಣ ಬರಲಿಲ್ಲ. ಅವನು ಬರುತ್ತೇನೆ ಅಂದೇ ಇರಲಿಲ್ಲ. ಬರಲ್ಲ ಅಂತ ಯೋಳು ಎಂದೇ ಮಗಳಿಗೆ ಹೇಳಿ ಕಳಿಸಿದ್ದ.

"ಬಾಯ್ಬುಟ್ರೆ ಸುಳ್ಳು ಮೇಡಂ" ಅಂದಳು ಸವಿತಾ.

"ನನ್ನ ಮಾತ್ನೂ ತಿರುಚವ್ಳೆ" ಅಂದ ಶಿವಣ್ಣ. "ಮೇಲಿಂದ ಟೇಸನ್ನಲ್ಲಿ ಓಗಿ ಕುಂತವ್ಳೆ. ಊರಲ್ಲಿ ತಲೆ ಎತ್ಕಂಡು ತಿರುಗೋದ್ ಬ್ಯಾಡ್ವಾ? ಇಸ್ಕೂಲು ಬುಡಿಸ್ಬುಡ್ತೀನಿ. ಪರೀಕ್ಸೆ ಗಿರೀಕ್ಸೆ ಏನೂ ಬ್ಯಾಡ. ಅಟ್ಟೀಲೇ ಬಿದ್ದಿರ್ಲಿ."

ಮಗಳು ಸುಳ್ಳಿ ಅನ್ನುವ ಒಂದು ವಿಷಯದಲ್ಲಿ ಗಂಡ ಹೆಂಡತಿ ಒಂದಾಗಿದ್ದರು. ಆದರೆ ಆ ಒಪ್ಪಂದವನ್ನೂ ಹೇಳಿಕೊಂಡದ್ದು ನನ್ನ ಮುಖ ನೋಡಿಕೊಂಡು. ನಡುವೆ ಕೂತಿದ್ದ ಹುಡುಗಿ ಯಾರು ಮಾತಾಡಿದರೆ ಅವರ ಕಡೆ ಕತ್ತು ತಿರುಗಿಸುತ್ತಿದ್ದಳು. ಆ ಕತ್ತನ್ನು ನಾನು ಮೊದಲ ದಿನವೇ ನೋಡಬೇಕಿತ್ತು. ಶಾಲೆ ಬಿಡಿಸಿದರೆ ಈ ಮಗುವಿಗೆ ಉಸಿರಾಡಲು ಇರುವ ಒಂದೇ ಕಿಂಡಿಯೂ ಮುಚ್ಚಿಹೋಗುತ್ತದೆ ಎಂದು ಆಗ ಹೊಳೆಯಿತು.

ದೊಡ್ಡವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದೆ. ಮೊದಲ ಪ್ರಶ್ನೆ ನೇರವಾಗಿ ಕೇಳಿದೆ. "ಚೈತ್ರ, ಸಾಯ್ಬೇಕು ಅನ್ನಿಸಿತ್ತಾ ಮಗ?" ಹೊಸಬರು ಈ ಪ್ರಶ್ನೆಗೆ ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಎಂದು ಮಕ್ಕಳು ಕಾಯುತ್ತಿರುತ್ತಾರೆ.

ಅವಳು ತಲೆ ಅಲ್ಲಾಡಿಸಿದಳು. "ಸಾಯೋಕಲ್ಲ ಮೇಡಂ. ಅಲ್ಲಿ ನನ್ನತ್ರ ಯಾರೂ ಏನೂ ಯೋಳ್ಕಳ್ಸಲ್ವಲ್ಲ, ಅದ್ಕೆ."

ನನ್ನ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ. ಆಮೇಲೆ, ನೀನು ಊರಲ್ಲಿ ಇಲ್ಲದಾಗ ಅಪ್ಪ ಅವ್ವ ಹೇಗೆ ಮಾತಾಡುತ್ತಾರೆ ಎಂದು ಕೇಳಿದೆ.

"ನಾನು ಎಲ್ಗೂ ಓಗಲ್ವಲ್ಲ ಮೇಡಂ. ಕಳೆದ್ವರ್ಸ ಟೂರಿಗೂ ಓಗ್ಲಿಲ್ಲ, ಅಜ್ಜಿ ಊರಿಗೂ ಓಗ್ಲಿಲ್ಲ. ನಾನು ಒಂಟೋದ್ರೆ ಅವ್ರಿಗೆ ಯಾರಿದಾರೆ?"

ಮೂರು ವರ್ಷದಿಂದ ಆ ಮನೆಯ ಕಥೆ ಹೀಗೆ ನಡೆದಿತ್ತು. ಸವಿತಾಳ ತಮ್ಮನ ಮದುವೆಯ ಲಗ್ನಪತ್ರಿಕೆಯಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ, ಶಿವಣ್ಣನ ಹೆಸರು ಬಿಟ್ಟುಹೋಗಿತ್ತು. ನಮ್ಮ ಕಡೆ ಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಎದ್ದು ಹೋದ ಅಳಿಯಂದಿರು ಎಷ್ಟೋ ಜನ. ಇವನೂ ಮದುವೆಗೆ ಹೋಗಲಿಲ್ಲ. ಅವಳು ಹೋದಳು. ವಾಪಸ್ಸು ಬಂದಾಗ ಅವನು ಮಾತಾಡಿಸಲಿಲ್ಲ, ಅವನೇ ಮಾತಾಡಿಸಲಿ ಎಂದು ಅವಳೂ ಬಿಟ್ಟಳು. ನಡುವೆ ಸಿಕ್ಕಿದವಳು ಮಗಳು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಜಗಳವೂ ಇರಲಿಲ್ಲ, ಕೂಸು ಮಾತ್ರ ಬಡವಾಗುತ್ತಿತ್ತು.

ಅಪ್ಪ "ಬೇಕಾದ್ರೆ ತವರಿಗೆ ಓಗಿ ಬಿದ್ದಿರ್ಲಿ ಅಂತ ಯೋಳು" ಅಂದರೆ, ಇವಳು ಒಳಗೆ ಹೋಗಿ "ಅಪ್ಪಂಗೆ ಅಸಿವಂತೆ ಅವ್ವ" ಅನ್ನುವಳು. ಅವ್ವ "ಇಂಥೋನ್ನ ಕಟ್ಕಂಡು ಕೆಟ್ಟೆ ಅನ್ನು" ಅಂದರೆ, ಹೊರಗೆ ಬಂದು "ಊಟಕ್ಕೆ ಬರ್ಬೇಕಂತೆ ಅಪ್ಪ" ಅನ್ನುವಳು. ಅವಳು ಒರಟನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಮೆತ್ತನೆಯದನ್ನು ಮಾತ್ರ ಮುಟ್ಟಿಸುತ್ತಿದ್ದಳು. ಶಾಲೆಯಿದ್ದ ದಿನ ಇಡೀ ಹಗಲು ಬಿಡುವು. ನೋವು ಬರುತ್ತಿದ್ದದ್ದು ಭಾನುವಾರ, ಹಬ್ಬದ ದಿನ, ಬೇಸಿಗೆ ರಜೆಯಲ್ಲಿ. ಅಂಥ ಮಗುವಿಗೆ ನಾನು ಔಷಧಿ ಅಂತ ಕೊಟ್ಟದ್ದು ಒಂದು ವಾರದ ರಜೆ.

"ನಾನು ಸುಳ್ಳೀನಾ ಮೇಡಂ?" ಎಂದು ಕೇಳಿದಳು.

ಬಂದವರ ಮುಂದೆ ಅಳಬಾರದು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಅತ್ತೆ. "ಅಲ್ಲ ಕಣಮ್ಮ. ನೀನು ಸುಳ್ಳಿ ಅಲ್ಲ. ನಿನ್ನನ್ನ ರಜೆ ಅಂತ ಮನೇಲಿ ಕೂರಿಸಿದ್ದು ನನ್ನ ತಪ್ಪು, ನನ್ನದೇ" ಅಂದೆ. ನಮ್ಮಪ್ಪ ನಮ್ಮವ್ವನ ನಡುವೆ ನಾನೂ ಹೀಗೆ ಓಡಾಡಿದವಳು ಎಂದೂ ಹೇಳಿದೆ.

"ನಿಮ್ಗೂ ಒಟ್ಟೆನೋವು ಬತ್ತಿತ್ತಾ?"

ಬರುತ್ತಿರಲಿಲ್ಲ. ಯಾಕೆ ಎಂದು ನಾನು ಅವತ್ತಿನವರೆಗೂ ಯೋಚಿಸಿರಲಿಲ್ಲ. ನಾನಿಲ್ಲದಾಗ ನಮ್ಮಪ್ಪ ನಮ್ಮವ್ವ ಹೊಲದಲ್ಲಿ ಕಳೆ ಕೀಳುತ್ತಾ ಗಂಟೆಗಟ್ಟಲೆ ಹರಟುತ್ತಿದ್ದರು. ಬುತ್ತಿ ಹಿಡಿದು ಹೋದಾಗ ಬದುವಿನಿಂದಲೇ ಅವರ ನಗು ಕೇಳುತ್ತಿತ್ತು. ನನ್ನನ್ನು ಓಡಾಡಿಸುತ್ತಿದ್ದದ್ದು ಜನರ ಕಣ್ಣಿಗೆ. ಚೈತ್ರಳನ್ನು ಓಡಾಡಿಸುತ್ತಿದ್ದದ್ದು ಅವಳಿಲ್ಲದೆ ಮಾತೇ ನಡೆಯದೇ ಇದ್ದದ್ದಕ್ಕೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ವ್ಯತ್ಯಾಸ ತಿಳಿಯಬೇಕಾದರೆ ಮಗುವನ್ನು ಒಂದೇ ಪ್ರಶ್ನೆ ಕೇಳಬೇಕು: ನೀನಿಲ್ಲದಾಗ ಮನೆಯಲ್ಲಿ ಏನಾಗುತ್ತದೆ? ಅದು ನನ್ನ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಹೋದದ್ದು ಅವತ್ತು.

ಚೈತ್ರಳನ್ನು ಒಂದು ಸಲ ಮಂಡ್ಯದ ಮನೋವೈದ್ಯರಿಗೂ ತೋರಿಸಲು ಬರೆದುಕೊಟ್ಟೆ. ಸಾಯುವ ಯೋಚನೆ ಇಲ್ಲ ಅಂದಳು ಎಂದು ಸುಮ್ಮನಾಗುವ ಧೈರ್ಯ ನನಗೆ ಉಳಿದಿರಲಿಲ್ಲ. ಆಮೇಲೆ ಸವಿತಾಳನ್ನು ಒಬ್ಬಳನ್ನೇ, ಶಿವಣ್ಣನನ್ನು ಒಬ್ಬನನ್ನೇ ಕರೆದು ಮಾತಾಡಿಸಿದೆ. ಮನೆಯಲ್ಲಿ ಹೊಡೆತ ಬಡಿತ ಇಲ್ಲ, ಹೆದರಿಕೆ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ನಡುವಿನ ಕುರ್ಚಿಯನ್ನು ನಾನೇ ಎತ್ತಿ ಆಚೆಗಿಟ್ಟೆ.

"ಮಗಳಿಗೆ ಕಾಯಿಲೆ ಇಲ್ಲ. ಚಿಕಿತ್ಸೆ ಬೇಕಾಗಿರೋದು ನಿಮ್ಮಿಬ್ಬರಿಗೆ" ಅಂದೆ.

"ನಮಗೇನಾಗದೆ ಮೇಡಂ?" ಅಂದ ಶಿವಣ್ಣ. "ನಾವು ಜಗಳಾನೇ ಆಡಾಕಿಲ್ಲ. ಬೇಕಾದ್ರೆ ಅವಳ್ನೇ ಕೇಳಿ."

"ಅವರಿಗೆ ಯೋಳಿ ಮೇಡಂ, ಮೂರು ವರ್ಸದಿಂದ..." ಎಂದು ಸವಿತಾ ಶುರು ಮಾಡಿದಳು.

"ನಾನು ಹೇಳಲ್ಲ" ಅಂದೆ. "ಎದುರಿಗೇ ಕೂತಿದ್ದಾರೆ, ನೀವೇ ಹೇಳಿ." ಇಬ್ಬರೂ ನನ್ನ ಮುಖ ನೋಡಿದರು. ಮಗಳು ಖಾಲಿ ಮಾಡಿದ ಜಾಗಕ್ಕೆ ನನ್ನನ್ನು ಕೂರಿಸಿಕೊಂಡಿದ್ದರು. ನಾನು ಅಲ್ಲಿರುವ ತನಕ ಇವರು ನನ್ನ ಜೊತೆಗೇ ಮಾತಾಡುತ್ತಾರೆ ಎಂದು ಗೊತ್ತಾಯಿತು. ಟೀ ಕುಡಿದು ಬರುತ್ತೇನೆ ಎಂದು ಎದ್ದು, ಬಾಗಿಲು ಮುಂದೆ ಮಾಡಿಕೊಂಡು ಹೊರಗಿನ ಬೆಂಚಿನ ಮೇಲೆ ಚೈತ್ರಳ ಪಕ್ಕ ಕೂತೆ. ಟೀ ಗೀ ಏನೂ ಕುಡಿಯಲಿಲ್ಲ. ಇಂಥದ್ದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಮಾಡಿ ಎಂದು ನಾನೂ ಹೇಳುವುದಿಲ್ಲ.

ಒಳಗೆ ಸದ್ದೇ ಇಲ್ಲ. ಬಿಸಿಲು ಏರಿತ್ತು. ಕಾಲು ಗಂಟೆಯಾಗಿರಬೇಕು. ಎದ್ದು ಒಳಗೆ ಹೋಗಬೇಕೆಂದುಕೊಳ್ಳುವಷ್ಟರಲ್ಲಿ ಶಿವಣ್ಣನ ದನಿ ಕೇಳಿತು.

"ಸೆಕೆ ಆಯ್ತದಾ? ಫ್ಯಾನಾಕನಾ?"

ಆಮೇಲೆ ಸವಿತಾ, "ಊಂ, ಆಕು" ಅಂದಳು.

ಚೈತ್ರ ನನ್ನ ಕಡೆ ತಿರುಗಿದಳು. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಫ್ಯಾನು ಕಿರ್ ಎಂದು ತಿರುಗತೊಡಗಿತು. ಅದರ ಹಿಂದೆಯೇ ಸವಿತಾಳ ದನಿ ಏರಿತು.

"ಪತ್ರಿಕೇಲಿ ನಿನ್ನೆಸ್ರು ಬುಟ್ಟಿದ್ದು ನನ್ ತಪ್ಪಾ? ಪ್ರಿಂಟಾಗಿ ಬಂದ್ಮೇಲೆ ತಾನೆ ನಾನೂ ನೋಡಿದ್ದು?"

"ನೋಡ್ದೋಳು ನಂಗೊಂದ್ ಮಾತು ಯೋಳ್ಬೋದಿತ್ತಲ್ಲ. ಊರೋರ್ ಬಾಯಿಂದ ಕೇಳೋ ಅಂಗ್ ಮಾಡ್ದೆ."

"ಯೋಳೋಕೇ ಬಂದೆ. ನೀನು ಮಕ ತಿರಿಕ್ಕಂಡು ಆಲೆಮನೆಗೆ ಒಂಟೋದೆ."

ಮೂರು ವರ್ಷದ ಜಗಳ ಒಟ್ಟಿಗೇ ಹೊರಬಿತ್ತು. ಔಷಧಿಗೆ ಸಾಲು ನಿಂತಿದ್ದವರೆಲ್ಲ ನಮ್ಮ ಬಾಗಿಲ ಕಡೆ ತಿರುಗಿದರು. ಚೈತ್ರ ಧಡಕ್ಕನೆ ಎದ್ದಳು. ಅವಳ ಕೈ ಹಿಡಿದು ಕೂರಿಸಿದೆ.

"ಜಗಳ ಆಡ್ತಾವ್ರೆ ಮೇಡಂ" ಅಂದಳು.

"ಆಡ್ಲಿ ಬಿಡು. ಅದು ಅವರ ಕೆಲಸ. ನಿನ್ನ ಡ್ಯೂಟಿ ಮುಗೀತು."

ಅವಳು ಕೂತಳು. ಒಳಗಿನ ಒಂದೊಂದು ಮಾತಿಗೂ ಬೆಚ್ಚುತ್ತಾ, ಆದರೂ ಕೂತೇ ಇದ್ದಳು.

ಅವತ್ತು ಸಂಜೆ ಡಾಕ್ಟರು ಬಾಗಿಲಲ್ಲಿ ನಿಂತು ಎಂದಿನ ಪ್ರಶ್ನೆ ಕೇಳಿದರು. "ಒಬ್ಬರಿಗೆ ಹೇಳಿದೆ ಡಾಕ್ಟ್ರೇ, ನನಗೇ" ಅಂದೆ. ಅವರು ಬ್ಯಾಗು ಕೆಳಗಿಟ್ಟು ಒಳಗೆ ಬಂದು ಕೂತರು. ನಾನು ಎಲ್ಲ ಹೇಳಿದೆ, ರಜೆ ಕೊಟ್ಟದ್ದನ್ನೂ ಸೇರಿಸಿ. ಪೂರ್ತಿ ಕೇಳಿ, "ನಾನೂ ಸ್ಕ್ಯಾನ್ ನೋಡಿದೆ, ದಿನ ಕೇಳಲಿಲ್ಲ" ಅಂದರು. ಆ ಮನುಷ್ಯ ನನ್ನನ್ನು ಮತ್ತೆಂದೂ ಬುದ್ಧಿಯ ಲೆಕ್ಕ ಕೇಳಲಿಲ್ಲ.

ಒಂದು ಫ್ಯಾನಿನಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಆಮೇಲೆ ವರ್ಷದುದ್ದಕ್ಕೂ ಬಂದರು. ನಡುವೆ ಶಿವಣ್ಣ ಎರಡು ಸಲ ತಪ್ಪಿಸಿಕೊಂಡ. ಮಗಳ ಕೈಲಿ ಹೇಳಿ ಕಳಿಸುವ ಆಸೆಯನ್ನು ತಡೆದುಕೊಂಡು ನಾನೇ ಆಲೆಮನೆಗೆ ಫೋನು ಮಾಡಿದೆ. "ಪಾಕ ಬಂದದೆ ಮೇಡಂ, ಈಗ ಬರಾಕಾಗಲ್ಲ" ಅಂದ. "ಪಾಕ ಇಳಿಸಿ ಬಾಪ್ಪ, ನಾನು ಕಾಯ್ತೀನಿ" ಅಂದೆ. ಬಂದ. ಚೈತ್ರ ಶಾಲೆ ಬಿಡಲಿಲ್ಲ. ಪರೀಕ್ಷೆ ಬರೆದು ಪಾಸಾದಳು, ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಹೋಗಿ ಹತ್ತು ದಿನ ಇದ್ದು ಬಂದಳು. ಹೊಟ್ಟೆನೋವು ಬರಲಿಲ್ಲವೇ ಎಂದು ಕೇಳಿದರೆ, "ಮಾವಿನ್ಕಾಯಿ ತಿಂದು ಒಂದ್ಸಲ ಬಂದಿತ್ತು" ಅಂದಳು.

ಈಗ ಮಕ್ಕಳು ಮನೆಯೊಳಗೆ ಓಡಾಡಬೇಕಾಗಿಯೂ ಇಲ್ಲ. ಅಪ್ಪನ ಸಿಟ್ಟು ಮಗಳ ಮೊಬೈಲಿಗೆ ವಾಯ್ಸ್ ಮೆಸೇಜಾಗಿ ಬರುತ್ತದೆ, ಅವಳು ಅದನ್ನು ಅವ್ವನಿಗೆ ಕೇಳಿಸಬೇಕು, ಮೆತ್ತಗೆ ಮಾಡಿ ಹೇಳುವ ಅವಕಾಶವೂ ಇಲ್ಲ. ಮಳವಳ್ಳಿಯ ಹುಡುಗಿಗೆ ಇದನ್ನು ಹೇಳಬೇಕು. ನಿನ್ನ ಮುಂದೆ ಮೂವರು ಕೂತಾಗ ಯಾರು ಅಳುತ್ತಾರೆ ಎಂದು ಮಾತ್ರ ನೋಡಬೇಡ, ಯಾರ ಕತ್ತು ತಿರುಗುತ್ತಿದೆ ಎಂದು ನೋಡು. ನಿನಗೆ ತೀರಾ ಸಹಜ ಅನ್ನಿಸಿದ್ದನ್ನು ಎರಡು ಸಲ ನೋಡು.

ಚೈತ್ರಳ ಮನೆಯವರು ಕೊನೆಯ ಸಲ ಬಂದದ್ದು ನನಗೆ ಮಂಡ್ಯಕ್ಕೆ ವರ್ಗವಾದ ವಾರ. ಮಾತು ಮುಗಿಸಿ ಬೀಳ್ಕೊಡಲು ಹೊರಗೆ ಬಂದೆ. ಬೆಂಚಿನ ಮೇಲೆ ಮೂವರೂ ಕೂತರು. ಈ ಸಲ ಚೈತ್ರ ಒಂದು ತುದಿಯಲ್ಲಿ ಕೂತು ಕಡಲೇಕಾಯಿ ಸುಲಿಯುತ್ತಿದ್ದಳು. ಗಂಡ ಹೆಂಡತಿ ಯಾವುದೋ ನೆಂಟರ ಮದುವೆಗೆ ಹೋಗುವ ವಿಷಯಕ್ಕೆ ದನಿ ಎತ್ತಿ ವಾದ ಮಾಡುತ್ತಿದ್ದರು. ಅವಳ ಕತ್ತು ಅಲ್ಲಾಡಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಬಸ್ಸು ಬಂದು ನಿಂತಿತು. ಸಿಟ್ಟಿನಲ್ಲಿದ್ದ ಸವಿತಾ ಹಳೇ ಅಭ್ಯಾಸದಲ್ಲಿ ಮಗಳ ಕಡೆ ತಿರುಗಿದಳು.

"ಬಸ್ಸು ಬಂತು, ಎದ್ದೇಳು ಅಂತ ನಿಮ್ಮಪ್ಪಂಗೆ ಯೋಳಮ್ಮಿ."

ಚೈತ್ರ ತಲೆ ಎತ್ತದೆ ಇನ್ನೊಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡಳು. "ನೀನೇ ಯೋಳವ್ವ. ಅಪ್ಪ ಪಕ್ದಲ್ಲೇ ಕುಂತದೆ."

ಸವಿತಾ ಗಂಡನ ಮುಖ ನೋಡಿ, "ಎದ್ದೇಳು, ಬಸ್ಸೋಯ್ತದೆ" ಅಂದಳು.

"ಎದ್ದೆ ಕಣಮ್ಮಿ" ಎಂದು ಶಿವಣ್ಣ ಅವಳ ಬ್ಯಾಗು ತೆಗೆದುಕೊಂಡ.